ಅರ್ಧ ಕೆಜಿ ರಿವಾಲ್ವರ್: ‘ನಿರ್ಭೀಕ್’ ಹಿಂದಿನ ಕಥೆ

ಭದ್ರಾವತಿಯಲ್ಲಿ ಕೆಲಸ ಮುಗಿಸಿ ರಾತ್ರಿ ಶಿವಮೊಗ್ಗಕ್ಕೆ ಬರೋ ಹೆಂಡ್ತಿ ಬ್ಯಾಗಲ್ಲಿ ಒಂದು ಹಗುರವಾದ ರಿವಾಲ್ವರ್ ಇದ್ರೆ ಹೇಗೆ? ಇಂಥದ್ದೇ ಯೋಚನೆ ಸರ್ಕಾರಿ ಕಾರ್ಖಾನೆಗೂ ಬಂದಿತ್ತು.

2012ರ ಡಿಸೆಂಬರ್‌ನಲ್ಲಿ ದೆಹಲಿಯ ನಿರ್ಭಯಾ ಪ್ರಕರಣ ನಡೀತು. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಹೆಣ್ಣುಮಕ್ಕಳಿಗೆ ಅಂತಲೇ ‘ನಿರ್ಭೀಕ್’ ತಂತು. .32 ಬೋರ್, ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ. ಆಗಿನ ಬೆಲೆ? 1.22 ಲಕ್ಷ ರೂಪಾಯಿ! ರಾತ್ರಿ ಬಸ್ಸಿಗೆ ಕಾಯೋರಿಗೆ ಇದು ಎಟುಕೋ ಮಾತಾ?

ದುಡ್ಡಿದ್ರೂ ಸಾಲದು. 1857ರ ದಂಗೆ ಕಂಡಿದ್ದ ಬ್ರಿಟಿಷರು 1878ರಲ್ಲಿ ಆಯುಧ ಕಾಯ್ದೆ ತಂದು ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿದ್ರು, ಯುರೋಪಿಯನ್ನರಿಗೆ ವಿನಾಯ್ತಿ. ಸ್ವತಂತ್ರ ಭಾರತದ 1959ರ ಕಾಯ್ದೆ ಆ ತಾರತಮ್ಯ ತೆಗೀತು, ಲೈಸೆನ್ಸ್ ಮಾತ್ರ ಉಳಿಸ್ತು. ಹಾಗಾಗಿ ಗಂಡ ಅಂಗಡಿಗೆ ಹೋಗಿ ಗಿಫ್ಟ್ ತರೋಕಾಗಲ್ಲ. ಹೆಂಡ್ತಿಗೆ 21 ತುಂಬಿರ್ಬೇಕು, ಅವರೇ ಅರ್ಜಿ ಹಾಕ್ಬೇಕು, ಪೊಲೀಸ್ ವರದಿ ಬರ್ಬೇಕು, ಡಿಸಿ ಒಪ್ಪಬೇಕು. 2016ರ ನಿಯಮದ ಪ್ರಕಾರ ಸುರಕ್ಷತಾ ತರಬೇತಿಯೂ ಬೇಕು.

ಇನ್ನೊಂದು ವಿಷ್ಯ. ಗುಂಡು ಅದೇ ಇದ್ದು ಗನ್ ಹಗುರ ಆದಷ್ಟೂ, ಹಾರಿಸಿದಾಗ ಕೈಗೆ ಒದೆತ ಜಾಸ್ತಿ. ಅಭ್ಯಾಸ ಇಲ್ಲದಿದ್ರೆ ಗುರಿ ತಪ್ಪುತ್ತೆ. ಜತೆಗೆ ಮನೇಲಿ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿ ಇಡ್ಬೇಕು.

ಅದಕ್ಕೇ ‘ಯಾವ ಗನ್ ಕೊಡಿಸ್ಲಿ’ ಅನ್ನೋಕೆ ಮುಂಚೆ ‘ನಿಂಗೆ ಎಲ್ಲಿ ಭಯ ಆಗುತ್ತೆ’ ಅಂತ ಅವರನ್ನೇ ಕೇಳಿ. ಕತ್ತಲೆ ಸ್ಟಾಪಿಗೆ ಒಂದು ದೀಪ, ಹೊತ್ತಿಗೆ ಸರಿಯಾಗಿ ಕೊನೇ ಬಸ್ಸು, 112ಕ್ಕೆ ಫೋನ್ ಮಾಡಿದ್ರೆ ಬೇಗ ಬರೋ ಪೊಲೀಸರು – ಮೊದಲು ಇವನ್ನ ಕೇಳೋಣ.