ಗರಡಿಮನಿ ಲೆಕ್ಕ: ರೊಟ್ಟಿ ಬಿಡಬೇಕೋ, ಬೆವರು ಸುರಿಸಬೇಕೋ?

1/6
ತೂಕ ಇಳಿಸಬೇಕಂದ್ರ ಊಟ ಕಡಿಮಿ ಮಾಡಬೇಕೋ, ವ್ಯಾಯಾಮ ಮಾಡಬೇಕೋ? ಮದುವಿ ಸೀಜನ್ ಬಂತಂದ್ರ ನಮ್ಮ ಕ್ಲಾಸ್ ಗ್ರೂಪಿನಾಗ ಈ ವಾದ ಶುರು. ಒಬ್ಬಾಕಿ ರಾತ್ರಿ ರೊಟ್ಟಿ ಬಿಡ್ತಾಳ. ಇನ್ನೊಬ್ಬ ಜಿಮ್ಮಿಗೆ ಮೂರು ತಿಂಗಳ ಫೀ ಕಟ್ಟಿ, ಮನಿಗೆ ಬರೂ ಮುಂದ ತಡಸ ಕ್ರಾಸಿನಾಗ ಮಿರ್ಚಿ ತಿಂತಾನ. ಇಬ್ಬರದೂ ಅರ್ಧ ಲೆಕ್ಕ. ಪೂರ್ತಿ ಲೆಕ್ಕ ನಮ್ಮ ನಾಡಿನ ರಾಜನೊಬ್ಬ ಸುಮಾರು 900 ವರ್ಷಗಳ ಹಿಂದೆಯೇ ಬರೆಸಿಟ್ಟಿದ್ದಾನೆ. ಮೊದಲು ಅಲ್ಲಿಗೆ ಹೋಗೋಣ.

2/6
ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ. ಇವತ್ತಿನ ಬಸವಕಲ್ಯಾಣ ಅವನ ರಾಜಧಾನಿ. ನಮ್ಮ ಪಕ್ಕದ ಹಾನಗಲ್ಲು ಆಗ ಪಾನುಂಗಲ್. ಅಲ್ಲಿನ ಕದಂಬರು ಈ ಚಾಲುಕ್ಯರ ಸಾಮಂತರು. 1129ರ ಸುಮಾರಿಗೆ ಸಂಸ್ಕೃತದಲ್ಲಿ ಸಿದ್ಧವಾದ ಅವನ ‘ಮಾನಸೋಲ್ಲಾಸ’ ಒಂದು ದೊಡ್ಡ ವಿಶ್ವಕೋಶ. ಇಡ್ಲಿ, ದೋಸೆಗಳ ಹಳೆಯ ಹೆಸರುಗಳೂ ಅದರೊಳಗ ಅದಾವ.

ಅದರಲ್ಲಿ ‘ಮಲ್ಲವಿನೋದ’ ಅನ್ನೋ ಭಾಗ ಪೈಲ್ವಾನರದ್ದು. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಮು ಸ್ತಂಭಶ್ರಮ. ಜೊತೆಗೇ ಮಲ್ಲರಿಗೆ ಏನು ಉಣ್ಣಿಸಬೇಕು ಅನ್ನೋದೂ ಇದೆ: ಹಾಲು, ಮೊಸರು, ತುಪ್ಪ, ಮಾಂಸ, ಬೇಳೆಕಾಳು, ಗೋದಿಯ ಸಿಹಿ. ನೋಡ್ರಿ, ಇದು ತೂಕ ಇಳಿಸೋ ಪಟ್ಟಿ ಅಲ್ಲ, ಮೈ ಕಟ್ಟೋ ಪಟ್ಟಿ. ಆದರೆ ಊಟ ಮತ್ತು ಸಾಮು ಎರಡನ್ನೂ ಒಂದೇ ಕಡೆ ಇಟ್ಟು ಬರೆದಿದ್ದಾರಲ್ಲ, ಅದು ಮುಖ್ಯ.

3/6
ನಮ್ಮ ಭಾಗದ ಗರಡಿಮನಿಗಳಲ್ಲಿ ಇದೇ ಪದ್ಧತಿ ಉಳಿದುಬಂತು. ನಸುಕಿನಾಗ ದಂಡ, ಬಸ್ಕಿ, ಮಟ್ಟಿಯೊಳಗ ಜೋರು. ಆಮೇಲೆ ಹಾಲು, ಬಾದಾಮಿ, ತುಪ್ಪ. ಬೆವರಿನ ಲೆಕ್ಕ ನೋಡಿ ಉಸ್ತಾದರು ಊಟ ಹೇಳ್ತಿದ್ದರು.

ಈ ಲೆಕ್ಕ ತಪ್ಪಿದರೆ ಏನಾಗ್ತದೆ ಅಂತ ಹಳ್ಳಿ ಜನಕ್ಕೆ ಚೊಲೋ ಗೊತ್ತು. ಕುಸ್ತಿ ಬಿಟ್ಟ ಪೈಲ್ವಾನ ಬಸ್ಕಿ ಹೊಡೆಯೋದು ಬಿಡ್ತಾನ, ತುಪ್ಪ ಬಿಡೂದಿಲ್ಲ. ನಾಲ್ಕು ವರ್ಷಕ್ಕ ಹೊಟ್ಟಿ ಮುಂದ ಬರತೈತಿ. ಕೆಲಸ ನಿಂತರೂ ಹಸಿವು ತಾನಾಗಿ ತಗ್ಗುವುದಿಲ್ಲ. ಯಾಕೆ?

4/6
ಇದಕ್ಕೆ ಉತ್ತರದ ಒಂದು ದೊಡ್ಡ ತುಣುಕು ಸಿಕ್ಕಿದ್ದು ಭಾರತದಲ್ಲೇ. ಪಶ್ಚಿಮ ಬಂಗಾಳದ ಒಂದು ಸೆಣಬಿನ ಗಿರಣಿಯಲ್ಲಿ ಜೀನ್ ಮೇಯರ್ ಎಂಬ ಪೋಷಣಾ ವಿಜ್ಞಾನಿ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು 213 ಗಂಡಸರ ಊಟ, ಕೆಲಸ, ತೂಕ ಮೂರನ್ನೂ ಅಳೆದರು. ವರದಿ ಬಂದದ್ದು 1956ರಲ್ಲಿ.

ಹಗುರ ಕೆಲಸದವರಿಂದ ಹಿಡಿದು ಭಾರ ಹೊರುವವರ ತನಕ ನೋಡಿದರೆ, ಕೆಲಸ ಹೆಚ್ಚಾದಂತೆ ಊಟವೂ ಹೆಚ್ಚು. ತೂಕ ಮಾತ್ರ ಹೆಚ್ಚುಕಡಿಮೆ ಒಂದೇ. ಅಂದ್ರ ಹಸಿವು ಸರಿಯಾಗಿ ಲೆಕ್ಕ ಇಡ್ತಿತ್ತು. ಆದರೆ ಇಡೀ ದಿನ ಕುಳಿತೇ ಇರುವವರು, ಅಂದರೆ ಅಂಗಡಿಯವರು, ಮೇಲ್ವಿಚಾರಕರು, ಹಗುರ ಕೆಲಸದವರಿಗಿಂತ ಕಡಿಮೆ ಉಣ್ಣಲಿಲ್ಲ, ಹೆಚ್ಚೇ ಉಂಡರು. ತೂಕವೂ ಅವರದೇ ಹೆಚ್ಚು. ದುಡಿಮೆ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಹಸಿವಿನ ತಕ್ಕಡಿ ಕೆಡ್ತದೆ ಅಂತಾಯ್ತು.

5/6
ಈಗ ನಮ್ಮೂರಿಗೆ ಬನ್ನಿ. ಎರಡು ತಲೆಮಾರಿನ ಹಿಂದೆ ಜ್ವಾಳ ಬೀಸೋದು ಮನೆಯ ಬೀಸುಕಲ್ಲಿನಲ್ಲಿ, ಕೋಳಿ ಕೂಗುವ ಹೊತ್ತಿಗೆ. ನೀರು ತಲಿ ಮ್ಯಾಲೆ. ಹೊಲದಾಗ ರಂಟಿ, ಕುಂಟಿ, ಕೂರಿಗಿ. ಈಗ ಹಿಟ್ಟಿಗೆ ಗಿರಣಿ, ನೀರಿಗೆ ನಳ, ಹೊಲಕ್ಕ ಟ್ರ್ಯಾಕ್ಟರ್, ಕ್ರಾಸಿಗೆ ಹೋಗಲಿಕ್ಕೂ ಬೈಕು.

ಹಳೇ ಕಾಲ ಭಾಳ ಚೊಲೋ ಇತ್ತು ಅಂತ ಹೇಳ್ತಿಲ್ಲ. ಬರಗಾಲದಲ್ಲಿ ಉಪವಾಸ ಬಿದ್ದು ತೆಳ್ಳಗಾದವರೂ ಇದ್ದರು; ಬೀಸುಕಲ್ಲಿನ ಮುಂದೆ ಅಜ್ಜಿಯರ ಬೆನ್ನು ಬಿದ್ದುಹೋಗಿತ್ತು. ಆ ಕಷ್ಟ ಹೋದದ್ದು ಒಳ್ಳೆಯದೇ. ಆದರೆ ಕಷ್ಟದ ಜೊತೆ ದುಡಿಮೆಯೂ ಹೋಯಿತು, ಗಂಗಾಳ ಹಾಗೇ ಉಳಿಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅತಿತೂಕ ಇರುವವರು 2015–16ರಲ್ಲಿ ಸುಮಾರು ಶೇ. 23, 2019–21ರಲ್ಲಿ ಸುಮಾರು ಶೇ. 30. ಗಂಡಸರದೂ ಹೆಚ್ಚುಕಡಿಮೆ ಇದೇ ಕಥಿ.

6/6
ಹಂಗಾದ್ರ ಬರೇ ನಡೆದರ ಸಾಕಾ? ಲೆಕ್ಕ ಹಾಕ್ರಿ. ಒಂದು ಕಿಲೋ ಕೊಬ್ಬು ಅಂದ್ರ ಸುಮಾರು 7,700 ಕ್ಯಾಲೊರಿ. 60 ಕಿಲೋ ತೂಕದವರು ಒಂದು ತಾಸು ಬಿರುಸಾಗಿ ನಡೆದರೆ ಖರ್ಚಾಗೋದು 200–250. ತಿಂಗಳಿಡೀ ನಡೆದರೂ ಒಂದು ಕಿಲೋ ಅಷ್ಟಕ್ಕಷ್ಟೇ. ನಡುವೆ ಮಿರ್ಚಿ ಬಂದ್ರ ಅದೂ ಇಲ್ಲ. ಬರೇ ಊಟ ಬಿಟ್ಟರೆ? ಕೊಬ್ಬಿನ ಜೊತೆ ಮಾಂಸಖಂಡವೂ ಕರಗ್ತದೆ, ಸುಸ್ತು ಹಿಡೀತದೆ, ಬಿಟ್ಟ ಊಟ ಮತ್ತೆ ಹಿಡಿದ ಕೂಡಲೇ ತೂಕ ವಾಪಸ್. ಅದಕ್ಕ ಎರಡೂ ಬೇಕು: ಊಟ ತೂಕ ಇಳಿಸತೈತಿ, ದುಡಿಮಿ ಅದನ್ನ ಹಿಡಿದಿಡತೈತಿ.

ತಕ್ಕಡಿ ಮುಳ್ಳು ಅಲುಗದಿದ್ದರೂ ಬಿಡಬ್ಯಾಡ್ರಿ. 2006ರಲ್ಲಿ ಪ್ರಕಟವಾದ ಚೆನ್ನೈ ಸಂಶೋಧಕರ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 531 ಜನ ಇದ್ದರು. ಮೂರು ವರ್ಷದಲ್ಲಿ, ಮಾಮೂಲಿನಂತೆ ಇದ್ದವರಲ್ಲಿ ನೂರಕ್ಕೆ 55 ಜನರಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡೆದವರಲ್ಲಿ ನೂರಕ್ಕೆ 39. ವಿಶೇಷ ಏನಂದ್ರ, ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಒಳಗಿನ ಲಾಭ ತಕ್ಕಡಿಗೆ ಕಾಣಲಿಲ್ಲ, ಅಷ್ಟೇ.

ಹಾಗಾಗಿ ರೊಟ್ಟಿ ಬಿಡಬ್ಯಾಡ್ರಿ. ಕಾಳುಪಲ್ಯ, ಸೊಪ್ಪು ಜಾಸ್ತಿ ಹಾಕ್ಕೊಳ್ರಿ. ಅನ್ನದ ಗುಡ್ಡ, ಚಹಾದ ಸಕ್ಕರಿ, ಕರಿದದ್ದು ಕಡಿಮಿ ಮಾಡ್ರಿ. 18 ದಾಟಿದವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ, ಅದಕ್ಕಿಂತ ಚಿಕ್ಕವರಿಗೆ ದಿನಕ್ಕೆ 60 ನಿಮಿಷ ಆಟ-ಓಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಉಪವಾಸ, ಡಬ್ಬಿ ಪೌಡರ್ ನಂಬಬ್ಯಾಡ್ರಿ. ಏನರ ತ್ರಾಸ ಇದ್ರ ಮೊದಲು ಡಾಕ್ಟರ್ ಕಡೆ ಹೋಗ್ರಿ.

ನಿಮ್ಮೂರಾಗ ಗರಡಿಮನಿ ಇನ್ನೂ ನಡೀತೈತೇನು? ಊರ ಹೆಸರು ಕಾಮೆಂಟಿನಾಗ ಹಾಕ್ರಿ.

#ತಡಸ #ಶಿಗ್ಗಾಂವಿ #ಹಾವೇರಿ #ಗರಡಿಮನಿ #ನಮ್ಮಇತಿಹಾಸ