ಬೇಸಿಗೆ ಶಿಬಿರ ಮತ್ತು ಬೆಳಗಿನ ಪ್ರಾರ್ಥನೆ

ಚರ್ಚು, ಮಠ, ಆಶ್ರಮಗಳು ನಡೆಸುವ ಬೇಸಿಗೆ ಶಿಬಿರಗಳಿಗೆ ಮಕ್ಕಳನ್ನು ಕಳುಹಿಸುವ ಮುನ್ನ ಹೆತ್ತವರಾದ ನಾವು ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ಅಲ್ಲಿ ಆಟವೆಷ್ಟು, ಧರ್ಮಬೋಧೆಯೆಷ್ಟು? ಇಂತಹ ಶಿಬಿರಗಳು ಹುಟ್ಟಿದ ಕಾಲವನ್ನು ನೋಡಿದರೆ ಈ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ.

1880ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಪಾದ್ರಿ ಜಾರ್ಜ್ ಹಿಂಕ್ಲಿ ತಮ್ಮ ಸಭೆಯ ಏಳು ಹುಡುಗರನ್ನು ರೋಡ್ ಐಲೆಂಡಿನ ದ್ವೀಪವೊಂದಕ್ಕೆ ಕರೆದೊಯ್ದರು. ಚರ್ಚಿನ ಆಶ್ರಯದ ಮೊದಲ ಮಕ್ಕಳ ಶಿಬಿರವೆಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಅಲ್ಲಿ ಧರ್ಮಬೋಧೆಗೆ ಮೀಸಲಾಗಿದ್ದುದು ಬೆಳಗಿನ ಸ್ವಲ್ಪ ಹೊತ್ತು ಮಾತ್ರ. ಉಳಿದ ಹಗಲೆಲ್ಲ ಈಜು, ಆಟ. ಸಂಜೆ ಹಾಡು, ಮಾತುಕತೆ.

ಮರುವರ್ಷ ನ್ಯೂ ಹ್ಯಾಂಪ್‌ಶೈರಿನ ಸ್ಕ್ವಾಮ್ ಸರೋವರದ ದ್ವೀಪವೊಂದರಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ತರುಣ ಚೊಕೊರುವಾ ಶಿಬಿರವನ್ನು ತೆರೆದರು. ಸಿರಿವಂತರ ಮಕ್ಕಳು ಬೇಸಿಗೆಯನ್ನು ಹೋಟೆಲುಗಳಲ್ಲಿ ಸುಮ್ಮನೆ ಕಳೆಯುತ್ತಾರೆಂಬುದು ಅವರ ಕೊರಗು. ಅಲ್ಲಿ ಆಳುಕಾಳುಗಳಿರಲಿಲ್ಲ, ಅಡುಗೆ ಮಾಡುವುದೂ ಪಾತ್ರೆ ತೊಳೆಯುವುದೂ ಹುಡುಗರ ಕೆಲಸವಾಗಿತ್ತು. ಪ್ರಾರ್ಥನೆ ನಡೆಯುತ್ತಿದ್ದುದು ಮರಗಳ ನಡುವಿನ ಬಯಲಿನಲ್ಲಿ. ಶಿಬಿರ 1889ರಲ್ಲಿ ಮುಚ್ಚಿತು. ಆದರೆ ಇಂದಿಗೂ ಬೇಸಿಗೆಯ ಭಾನುವಾರಗಳಂದು ಜನ ದೋಣಿಯೇರಿ ಆ ದ್ವೀಪಕ್ಕೆ ಆರಾಧನೆಗೆ ಬರುತ್ತಾರೆ. ನಮಗೆ ತೋರುವಂತೆ, ಅಲ್ಲಿನ ಹುಡುಗರು ಧರ್ಮವನ್ನು ಪ್ರವಚನದಿಂದ ಕಲಿತಷ್ಟೇ ಪಾತ್ರೆ ತೊಳೆಯುವ ಸರದಿಯಿಂದಲೂ ಕಲಿತಿರಬೇಕು.

ಇವೆರಡೂ ತಮ್ಮವರ ಮಕ್ಕಳಿಗಾಗಿ ತಮ್ಮವರೇ ನಡೆಸಿದ ಶಿಬಿರಗಳು. 1901ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಬೋವಿಲ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ರಜೆಯ ಬೈಬಲ್ ಶಾಲೆಗಳನ್ನು ಸಂಘಟಿಸಿದಾಗ ಸನ್ನಿವೇಶ ಬದಲಾಯಿತು. ಬೇಸಿಗೆಯಲ್ಲಿ ಚರ್ಚುಗಳು ಖಾಲಿ, ಬೀದಿಗಳ ತುಂಬ ಮಕ್ಕಳು. ಆ ಮಕ್ಕಳಲ್ಲಿ ಅನೇಕರು ವಲಸೆ ಬಂದ ಬಡಕುಟುಂಬಗಳವರು. ಅವರನ್ನು ನೆರಳಿಗೆ ಕರೆದು ಹಾಡು, ಕಥೆ, ಕೈಕಸುಬು ಕಲಿಸಿದ್ದು ನಿಸ್ಸಂಶಯವಾಗಿ ಉಪಕಾರವೇ. ಆದರೆ ಬೀದಿಯಿಂದ ಬಂದ ಮಗುವಿನ ಮನೆಯ ದೇವರು ಬೇರೆಯೇ ಆಗಿರಬಹುದಾಗಿತ್ತು. ಉಪಕಾರ ಪಡೆದ ಮಗು ಪ್ರಾರ್ಥನೆಯನ್ನು ಬೇಡವೆನ್ನಬಲ್ಲದೇ?

ಆದ್ದರಿಂದ ಧರ್ಮಬೋಧೆಯ ನಿಮಿಷಗಳನ್ನು ಎಣಿಸಿದರೆ ಸಾಲದು. ಶಿಬಿರದಲ್ಲಿ ಏನು ಕಲಿಸುವರೆಂದು ಮೊದಲೇ ಹೆತ್ತವರಿಗೆ ತಿಳಿಸಿದ್ದಾರೆಯೇ, ಕೈಮುಗಿಯದ ಮಗುವಿಗೂ ಊಟದ ಪಂಕ್ತಿಯಲ್ಲಿ, ದೋಣಿಯಲ್ಲಿ ಸಮನಾದ ಜಾಗವಿದೆಯೇ ಎಂಬುದನ್ನು ನೋಡಬೇಕು. ಹೊರನಾಡಿನಲ್ಲಿ ಕನ್ನಡ ಕಲಿಸುವ ನಾವೂ ಅಕ್ಷರಮಾಲೆಯ ಜೊತೆಗೆ ಶ್ಲೋಕಗಳನ್ನು ಹೇಳಿಸುತ್ತೇವೆ. ನಮ್ಮ ಸಾಲಿನಲ್ಲಿ ಕನ್ನಡ ಮನೆಮಾತಿನ ಕ್ರೈಸ್ತ ಅಥವಾ ಮುಸ್ಲಿಂ ಮಗುವೊಂದು ಕುಳಿತಿದ್ದರೆ, ಇದೇ ಪ್ರಶ್ನೆಗಳನ್ನು ನಾವು ನಮಗೂ ಹಾಕಿಕೊಳ್ಳಬೇಕಲ್ಲವೇ?