ಕೊಳೆರೋಗವೂ ಕೋಲ್ಮನ್ ಸಾಹೇಬರೂ

ಕನ್ನಡದ ಮಾತೊಂದು ಲ್ಯಾಟಿನ್ ಹೆಸರಿನೊಳಗೆ ಸೇರಿದ್ದುಂಟೇ ಎಂದು ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಕೇಳಿದ. ಉಂಟು ಎಂದೆ. ಕಾಫಿ ಗಿಡದ ಎಲೆಯನ್ನು ಕೊಳೆಸುವ ಒಂದು ಬೂಷ್ಟಿಗೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿದ್ವಾಂಸ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ನಾಮಕರಣ ಮಾಡಿದ. ಕನ್ನಡಕ್ಕೆ ದೊರೆತ ಗೌರವ ಇಂಥ ಕೊಳೆತ ವಸ್ತುವಿನ ಮೂಲಕವೇ ಬರಬೇಕೇ ಎಂದು ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದವರಿಗೆ ಆ ಹೆಸರು ಕೇಳಿದರೆ ನಗು ಬರುವುದು ಕಷ್ಟ.

ಅಡಿಕೆಯ ಕೊಳೆಗೆ ಕಾರಣವಾದದ್ದು ಕಾಫಿಯದಲ್ಲ, ಬೇರೆಯೇ ಒಂದು ಜೀವಿ. ಅದು ಫೈಟಾಫ್ತೊರ ಎಂಬ ಕುಲದ್ದು. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ ಕ್ಷಾಮವನ್ನು ತಂದ ಜೀವಿಯ ದಾಯಾದಿ. ಆಷಾಢ ಶ್ರಾವಣದ ಮಳೆ ಹಿಡಿದರೆ ಎಳೆಯ ಕಾಯಿಯ ತೊಟ್ಟಿನ ಬಳಿ ನೀರುಗಲೆಯೊಂದು ಕಾಣುತ್ತದೆ. ಆಮೇಲೆ ಬೆಳ್ಳನೆಯ ಬೂಷ್ಟು ಹೊದ್ದ ಕಾಯಿಗಳು ತೋಟದ ತುಂಬ ಉದುರುತ್ತವೆ. ಬೇನೆ ಸುಳಿಗೇರಿದರೆ ಮರವೇ ಹೋಯಿತು. ನಮ್ಮ ಹಿರಿಯರಿಗೆ ಇದಕ್ಕೆ ತಿಳಿದಿದ್ದ ಉಪಾಯ ಕೊಟ್ಟೆ ಕಟ್ಟುವುದು. ಕರಡದ ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಗೊರಬಿನಂಥ ಹೊದಿಕೆಯನ್ನು ಒಂದೊಂದು ಕೊನೆಗೂ ಮರ ಹತ್ತಿ ಕಟ್ಟಬೇಕು. ಕೊಟ್ಟೆಯೊಳಗಿನ ಕೊನೆ ಉಳಿಯುತ್ತಿತ್ತು ಎಂಬುದು ನಿಜ. ಆದರೆ ಸಾವಿರ ಮರದ ತೋಟಕ್ಕೆ ಎಷ್ಟು ಕೊಟ್ಟೆ, ಎಷ್ಟು ಜನ!

ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ತರುಣ ಮೈಸೂರು ಸಂಸ್ಥಾನದ ನೌಕರಿಗೆ ಬಂದದ್ದು 1908ರಲ್ಲಿ. ಶಿಲೀಂಧ್ರಗಳನ್ನೂ ಕೀಟಗಳನ್ನೂ ನೋಡಿಕೊಳ್ಳುವ ಕೆಲಸ, ವಯಸ್ಸು ಮೂವತ್ತು. 1910ರಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಆತನ ಗ್ರಂಥ ಹೊರಬಿತ್ತು. ರೋಗದ ಹೆಸರನ್ನು ಆತ ಬದಲಿಸಲಿಲ್ಲ, ಬೆಳೆಗಾರರ ಬಾಯಲ್ಲಿದ್ದುದನ್ನೇ ಇಟ್ಟುಕೊಂಡ. ಕನ್ನಡ ಮೇಷ್ಟ್ರಾದ ನನಗೆ ಇದರಲ್ಲೇ ಆತನ ಸ್ವಭಾವ ಅರ್ಧ ತಿಳಿದಂತಾಗುತ್ತದೆ.

ಆತ ಕೊಟ್ಟ ಮದ್ದು ಆತನೇ ಕಂಡುಹಿಡಿದದ್ದಲ್ಲ. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ಕಲಸನ್ನು ಬಳಿಯುತ್ತಿದ್ದರಂತೆ. ಹಾಗೆ ಬಳಿದ ಬಳ್ಳಿಗಳಿಗೆ ರೋಗ ತಗಲದ್ದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ 1885ರಲ್ಲಿ ಜಗತ್ತಿಗೆ ಸಾರಿದ. ಕಳ್ಳರ ಕೃಪೆ ಎನ್ನಬೇಕು.

ಆದರೆ ಬೋರ್ಡೋದ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಅಲ್ಲಿ ತಿಂಗಳುಗಟ್ಟಲೆ ನಿಲ್ಲುವ ಲೇಪ ಇಲ್ಲಿ ಒಂದು ರಾತ್ರಿಗೆ ತೊಳೆದುಹೋದೀತು. ಕೋಲ್ಮನ್ನರ ಹೆಚ್ಚುಗಾರಿಕೆ ಇರುವುದು ಇಲ್ಲಿ. ರಾಳವನ್ನು ಸೋಡಾದೊಡನೆ ಕುದಿಸಿ ಅಂಟು ಮಾಡಿ ದ್ರಾವಣಕ್ಕೆ ಬೆರೆಸಿದರು. ಲೇಪ ಕಾಯಿಗೆ ಕಚ್ಚಿಕೊಂಡು ನಿಂತಿತು. ನೀರನ್ನು ತಡೆಯುತ್ತಿದ್ದ ಹುಲ್ಲಿನ ಕೊಟ್ಟೆಯ ಬದಲು ರೋಗವನ್ನೇ ತಡೆಯುವ ನೀಲಿಯ ಕೊಟ್ಟೆ ಎಂದು ನಾನು ಇದನ್ನು ಕರೆಯುತ್ತೇನೆ. ಮೈಲುತುತ್ತ ಒಂದು ಪಾಲು, ಸುಣ್ಣ ಒಂದು ಪಾಲು, ನೀರು ನೂರು ಪಾಲು. ಹದ ನೋಡಲು ಉಜ್ಜಿದ ಕತ್ತಿಯನ್ನು ಅದ್ದಿದರೆ ಸಾಕು: ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಓದು ಬರಹ ಬಾರದವನೂ ಮಾಡಬಹುದಾದ ಪರೀಕ್ಷೆ ಇದು.

ಆದರೂ ನಂಬಿಸುವುದು ಸುಲಭವಾಗಿತ್ತೆಂದು ನನಗೆ ತೋರುವುದಿಲ್ಲ. ನಮ್ಮ ಮುತ್ತಜ್ಜ ಮೊದಲು ಒಪ್ಪಲಿಲ್ಲವೆಂದು ಅಜ್ಜ ಹೇಳುತ್ತಿದ್ದರು. “ಮೈಲುತುತ್ತ ವಿಷ. ಆ ಅಡಿಕೆಯನ್ನು ದೇವರ ಮುಂದೆ ಇಡುವುದು ಹೇಗೆ?” ಎಂಬುದು ಅವರ ಪ್ರಶ್ನೆ. ಸಿಪ್ಪೆ ಸುಲಿದು, ಬೇಯಿಸಿದ ಮೇಲಲ್ಲವೇ ಬಾಯಿಗೆ ಬರುವುದು ಎಂದು ನೆರೆಯವರು ಹೇಳಿದರೂ ಕೇಳಲಿಲ್ಲವಂತೆ. ಕಡೆಗೆ ಹಳ್ಳದ ಬದಿಯ ಎರಡು ಸಾಲಿಗೆ ಮಾತ್ರ ಹೊಡೆಸಿದರು. ಆ ವರ್ಷ ಆ ಸಾಲುಗಳ ಬುಡದಲ್ಲಿ ಹೆಕ್ಕಲು ಕೆಲಸವಿರಲಿಲ್ಲ. ಮರುವರ್ಷ ಕೊಟ್ಟೆಗೆಂದು ಕರಡ ಕೊಯ್ಯಲಿಲ್ಲ.

ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. 1913ರ ಹೆಬ್ಬಾಳದ ಕೃಷಿ ಶಾಲೆ, 1925ರ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಮೊದಲಾದವು ಅವರ ಕಾಲದವು. 1954ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಅವರನ್ನು ನೆನೆಯುವವರು ಈ ಸಂಸ್ಥೆಗಳಿಂದ ನೆನೆಯುತ್ತಾರೆ. ನನಗೆ ಮಾತ್ರ ಆ ರಾಳದ ಅಂಟೇ ದೊಡ್ಡದು.

ನೂರು ವರ್ಷ ಮೀರಿದರೂ ನಮ್ಮ ತೋಟಕ್ಕೆ ಇಂದಿಗೂ ಅದೇ ಮದ್ದು. ಮೊದಲನೆಯದು ಮಳೆಗೆ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಸಾಲದ್ದಕ್ಕೆ ಈಚೆಗೆ ಎಲೆಚುಕ್ಕೆ ರೋಗವೆಂಬ ಇನ್ನೊಂದು ಬಂದು ಸೇರಿದೆ. ಕಳೆದ ಶ್ರಾವಣದಲ್ಲಿ ತಮ್ಮ ಫೋನು ಮಾಡಿದ್ದ. “ಅಣ್ಣಯ್ಯ, ಐವತ್ತು ದಿನ ಆಯ್ತು, ಮಳೆ ಹೊಳವಾಗ್ತಾನೇ ಇಲ್ಲ. ಕೊನೆಗಾರ ನಾಳೆ ಬರ್ತೀನಿ ಅಂದಿದಾನೆ. ಸುಣ್ಣ ನೆನೆಹಾಕ್ಲಾ, ಬೇಡ್ವಾ?”

ನೆನೆಹಾಕು ಎಂದೆ.